ಆಗರ

ಪೊಲಿಕಾರ್ಪು ಲೋಬೋನ ಗಾಜಿನ ತಟ್ಟೆಗಳು ಇನ್ನೂರ ಮೂವತ್ತು.
ಆರು ಒಡೆದಿವೆ. ಒಂದರಲ್ಲಿ ಜಿರಳೆ
ಗಾಜನ್ನು ಬಿಟ್ಟು ಚಿತ್ರವನ್ನಷ್ಟೇ ತಿಂದುಕೊಂಡು ಹೋಗಿದೆ.
"ಒರೆಸಬೇಡ, ಊದು," ಅನ್ನುತ್ತಾಳೆ ಮೊಮ್ಮಗಳು ಅನುನ್ಸಿಯಾ,
ಎಪ್ಪತ್ತೆರಡರ ಮುದುಕಿ, ಆರ್ಪೋರಾದ ಆ ದೊಡ್ಡ ಮನೆಯಲ್ಲಿ
ಸಿಂಪಿಚಿಪ್ಪಿನ ಕಿಟಕಿಗೆ ಬೆನ್ನು ಕೊಟ್ಟು.
ತಟ್ಟೆಗೆ ನಲವತ್ತು ರೂಪಾಯಿಯ ಲೆಕ್ಕದಲ್ಲಿ
ನಾನು ಊದುತ್ತೇನೆ.

ಬೆಳಕಿನ ಪೆಟ್ಟಿಗೆಯ ಮೇಲೆ ಎಲ್ಲವೂ ಉಲ್ಟಾ:
ಕಪ್ಪು ಹಲ್ಲಿನ ಮದುಮಗಳು, ಹಾಲಿನಂಥ ಹಂದಿ,
ಬಿಳಿ ಕೂದಲಿನ ಮಕ್ಕಳ ನಾಲ್ಕು ಸಾಲು,
ಇಡೀ ಶಾಲೆಗೆ ಒಂದೇ ದಿನ ಮುಪ್ಪು ಬಂದ ಹಾಗೆ.
ಒಂದು ಗುಂಡಿ ಒತ್ತಿದರೆ ಸಾಕು, ಹಗಲು ಹಗಲಾಗುತ್ತದೆ.

ಆಗ ಕಾಣುತ್ತಾರೆ:
ಬಿದಿರುಗೋಲು ಕುಟ್ಟುತ್ತ ಬರುವ ಪೊದೇರ್,
ಅವನ ಬುಟ್ಟಿಯಲ್ಲಿ ಎಣಿಸಿದರೆ ಹತ್ತೊಂಬತ್ತು ಪಾವು.
ತೆಂಗಿನ ನೆತ್ತಿಯಲ್ಲಿ ಶೇಂದಿ ಇಳಿಸುವವನ ಅಂಗಾಲು, ಮುಖವಿಲ್ಲ.
ಮಳೆಗಾಲಕ್ಕೆಂದು ಒಣಮೀನು, ಹುಣಸೆ, ಮೆಣಸು ಕಟ್ಟಿಟ್ಟ ಗೋಣಿಗಳು,
ಅವುಗಳ ಕಾವಲಿಗೆ ಒಂದು ಬೆಕ್ಕು.
ತೊಟ್ಟಿಲಲ್ಲಿ ಯಾರದೋ ಮಗು, ನಿದ್ದೆ.
ನಿದ್ದೆಯೇ ಇರಬೇಕು ಅಂದುಕೊಂಡು ಮುಂದೆ ಹೋದೆ.
ಕೈಯಲ್ಲಿ ಹೂವಿತ್ತು.

ಅಂಚಿನಲ್ಲಿ ಪೊಲಿಕಾರ್ಪುನ ಶಾಯಿ, ಅಚ್ಚುಕಟ್ಟು ಅಕ್ಷರ.
ಎಲ್ಲರಿಗೂ ಹೆಸರಿದೆ. ನಾಯಿಗೂ: ಸೆರೇನು.

ನೂರ ನಲವತ್ತೇಳಕ್ಕೆ ಮಾತ್ರ
"ಸಾಲೀನಾ. ಗೋಕರ್ಣದವರು, ಹನ್ನೆರಡು. ಒಂದು ಅಲುಗಿತು. ಹಾಳು."

ಹನ್ನೊಂದು ಜನ ಹಲಗೆಕೋಲನ್ನು ಕೋವಿಯಂತೆ ಹಿಡಿದು
ಉಪ್ಪುನೀರಲ್ಲಿ ನಿಂತಿದ್ದಾರೆ, ಉಸಿರು ಕಟ್ಟಿ.
ಹನ್ನೆರಡನೆಯದು ಒಂದು ಸೀರೆ, ಮೊಳಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ್ದು,
ಉಳಿದದ್ದು ಹೊಗೆ.
ಮುಖವಿರಬೇಕಾದಲ್ಲಿ ಎಡಕ್ಕೆ ಎಳೆದ ಬೂದು ಗೆರೆ.

ಶಾಲೆಯ ಕನ್ನಡದಲ್ಲಿ ಆಗರವೆಂದರೆ ಭಂಡಾರ:
ವಿದ್ಯೆಯ ಆಗರ, ಸದ್ಗುಣಗಳ ಆಗರ, ಎರಡು ಅಂಕ.
ಮನೆಯ ಕನ್ನಡದಲ್ಲಿ ಆಗರವೆಂದರೆ
ಒಡೆದ ಹಿಮ್ಮಡಿಗೆ ರಾತ್ರಿ ಹಚ್ಚುವ ಕೊಬ್ಬರಿ ಎಣ್ಣೆ.
ಸಾಣಿಕಟ್ಟೆಯಿಂದ ಅಪ್ಪ ಇಲ್ಲಿಗೆ ಬಂದದ್ದೂ ಹಾಗೆಯೇ,
ಪ್ರತಿ ಮಾಗಿಗೆ, ಹತ್ತು ಜನರ ಜೊತೆ, ಟೆಂಪೋದಲ್ಲಿ.
ಒಂದು ವರ್ಷ ಮಳೆಗೆ ಮುಂಚೆ ಹಿಂತಿರುಗಲಿಲ್ಲ, ಅಷ್ಟೆ.
ನಾನು ಹುಟ್ಟಿದ್ದೆ.
ಅವನು ತುಳಿದು ಗಟ್ಟಿಮಾಡಿದ ಗದ್ದೆಯ ಮೇಲೆ ಈಗ
ಮದುವೆಗಳಿಗೆಂದು ಹಾಸಿದ ಪ್ಲಾಸ್ಟಿಕ್ ಹುಲ್ಲು.

ಹೆಸರು ಸಿಕ್ಕೀತೆಂದು ಫೋನಿನಲ್ಲಿ ತೋರಿಸಿದೆ.
ಪೊರೆ ಬಂದ ಕಣ್ಣಿಗೆ ತೀರ ಹತ್ತಿರ ಹಿಡಿದ, ಮೂಸುವವನಂತೆ.
"ಯಾರು ಅಂತ ಎಂತ ಕೇಳ್ತೆ? ಉಪ್ಪು ನೋಡು.
ಹರಳು ಸಣ್ಣ. ಮೋಡ ಬಂದಿತ್ತು. ಯುಗಾದಿ ಕಳ್ದಿತ್ತು.
ಎಡಗಡೆ ಕಟ್ಟು ಯಾರೋ ಸರಿ ತುಳ್ದಿಲ್ಲ,
ನೀರು ಜಿನುಗ್ತಾ ಉಂಟು, ಕಾಣ್ತದಾ?
ಈ ಹೆಂಗ್ಸಿಗೆ ಕಾಣ್ತು."
ಫೋನು ವಾಪಸು ಕೊಟ್ಟ. ತುಸು ಹೊತ್ತು ಬಿಟ್ಟು:
"ಉಳ್ದವ್ರು ಗೂಟದ ಹಂಗೆ ನಿಂತ್ಕಂಡಾರೆ."

ಗಾಜಿಗೆ ಬಳಿಯುತ್ತಿದ್ದದ್ದೂ ಒಂದು ಉಪ್ಪಂತೆ, ಬೆಳ್ಳಿಯದು.
ಎರಡಕ್ಕೂ ಬಿಸಿಲು ಬೇಕು, ಅಲುಗದ ಹೊತ್ತು ಬೇಕು.

ಇವತ್ತು ಪಟ್ಟಿ ತುಂಬಿಸಿದೆ.
ಹೆಸರು: ಖಾಲಿ.
ಕಾಲ: ಯುಗಾದಿಯ ನಂತರ, ಮೋಡ.
ದೋಷ ಎಂಬ ಕಲಮಿನಲ್ಲಿ ಮೊದಲು ನಕಲು ಮಾಡಿದ್ದ 'ಹಾಳು' ಹೊಡೆದುಹಾಕಿ
ಎಡಗಟ್ಟಿನಲ್ಲಿ ಸೋರಿಕೆ, ಎಂದು ಬರೆದೆ.

ಅನುನ್ಸಿಯಾ ಓದಿಸಿಕೊಂಡಳು, ಎರಡು ಸಲ.
"ಗಾಜು ಸೋರುತ್ತದೇನು?" ಅಂದಳು.
ನಾನು ನೂರ ನಲವತ್ತೆಂಟನ್ನು ಎತ್ತಿ
ಊದಿದೆ.