ಹೊಗೆಯ ಖಾತೆ

ರಾಯದುರ್ಗದಲ್ಲಿ ನಾವು ಬಿಲ್ಲು ತೆಲುಗಿನಲ್ಲಿ ಬರೆಯುತ್ತೇವೆ,
ಜಗಳ ಕನ್ನಡದಲ್ಲಿ ಆಡುತ್ತೇವೆ.
ಎರಡನ್ನೂ ಹದಿನೇಳು ವರ್ಷದಿಂದ
ಒಂದೇ ಕೆಂಪು ಪುಸ್ತಕದಲ್ಲಿ ಹೊಂದಿಸುತ್ತ ಬಂದವಳು ನಾನು,
ಎರ್ರಿಸ್ವಾಮಿಯ ಜೀನ್ಸ್ ಕಾರ್ಖಾನೆಯ ಲೆಕ್ಕದ ಹೊನ್ನೂರಮ್ಮ.

ಬಟ್ಟೆಗೊಂದು ಕಾಲಂ, ಗುಂಡಿಗೊಂದು, ಜಿಪ್ಪಿಗೊಂದು,
ದಾರ ಕತ್ತರಿಸುವ ಹುಡುಗಿಯರ ಚಹಾಕ್ಕೊಂದು.
ಕಳೆದ ಯುಗಾದಿಗೆ ಬಳ್ಳಾರಿಯಿಂದ ಫೋನು ಬಂತು:
ಹೊಗೆಗೂ ಒಂದು ಕಾಲಂ ಹಾಕಮ್ಮ.

ಮಾಡಿದವರು ಗಾದಿಲಿಂಗಪ್ಪ,
ನಮ್ಮ ಪ್ಯಾಂಟು ಮಾರಿಯೇ ನಾಲ್ಕು ಅಂಗಡಿ ಇಟ್ಟವರು.
ಎದುರಿನ ದೊಡ್ಡ ಅಂಗಡಿಯಲ್ಲಿ ಹಸಿರು ಚೀಟಿ ತೂಗುತ್ತಿದೆಯಂತೆ,
ಕಾಲೇಜು ಹುಡುಗರು ಸೊಂಟದ ಅಳತೆಗಿಂತ ಮೊದಲು
ಅದನ್ನು ಓದುತ್ತಾರಂತೆ:
ಈ ಪ್ಯಾಂಟು ಎಷ್ಟು ಹೊಗೆ ಕುಡಿದು ಹುಟ್ಟಿತು?

ಎಷ್ಟು?
ಬಾಯ್ಲರಿನ ಹತ್ತಿರ ಹೋಗಿ ನಿಂತೆ.
ಶೇಕ್ಷಾವಲಿ ಜಾಲಿಕೊರಡು ನೂಕುತ್ತಿದ್ದ, ಮೇಲೊಂದು ಪುಟ್ಟಿ ಶೇಂಗಾಹೊಟ್ಟು.
"ಹೊಗೆ ತೂಗಬೇಕಲ್ಲ" ಅಂದೆ.
ತಕ್ಕಡಿ ಹುಡುಕುವವನಂತೆ ಸುತ್ತ ನೋಡಿದ.
"ಸುಡೋ ಮುಂಚೆ ಕಟ್ಟಿಗಿ ತೂಗು, ಸುಟ್ಟ ಮ್ಯಾಲೆ ಬೂದಿ ತೂಗು.
ಕಾಣೆಯಾಗಿದ್ದೆಲ್ಲ ಹೊಗೆ."
ನಾನು ಓದಿದ ಬಿ.ಕಾಂ.ನಲ್ಲಿ
ಇಷ್ಟು ಚೆಂದದ ಕಳೆಯುವ ಲೆಕ್ಕ ಇರಲಿಲ್ಲ.

ಗುಡ್ಡದ ಮೇಲೆ ಗಾಳಿಗಿರಣಿಗಳು ತಿರುಗುತ್ತಿದ್ದವು,
ಮೂರು ರೆಕ್ಕೆ, ಮತ್ತೆ ಮೂರು ರೆಕ್ಕೆ,
ನಮ್ಮ ಗಾಳಿ, ಯಾವುದೋ ಊರಿನ ಬೆಳಕು.
ಕೆಳಗೆ ನಮ್ಮ ಮೋಟಾರಿಗೆ ಡೀಸೆಲ್.

ಮೊದಲ ತಿಂಗಳ ಲೆಕ್ಕ ಕಳಿಸಿದೆ.
ಪುಟ ಸೇರಿದ್ದೇ ತಡ, ಹೊಗೆಗೆ ಕಾಲು ಬಂದವು.
"ಬಾಯ್ಲರ್ ನಿಂದು, ಹೊಗೆ ನಿಂದು."
"ತಿಳಿನೀಲಿ ಬೇಕು ಅಂತ ಮೂರು ಸಲ ಒಗೆಸಿದೋನು ನೀನು."
"ಚಾವಣಿ ಮ್ಯಾಲೆ ಬಿಸಿಲ ಹಂಡೆ ಹಾಕ್ಸು."
"ಹಂಡೆಗೆ ನಾಲ್ಕು ಲಕ್ಷ. ಚೀಟಿ ಹಚ್ಚಿ ಪ್ಯಾಂಟಿಗೆ ನಲವತ್ತು ಜಾಸ್ತಿ ತಗೊಳ್ಳೋನು ನೀನು.
ನಲವತ್ತು ನಿನ್ನ ಗಲ್ಲಾಕ್ಕ, ಮಸಿ ನನ್ನ ಮಾರಿಗಾ?"

ಆಷಾಢಕ್ಕೆ ಗಾದಿಲಿಂಗಪ್ಪ ಹಿಂದಿನ ಬೀದಿಯ ತಿಪ್ಪೇಶನ ಕಡೆ ಹೋದರು.
ಅವನು ಹೊಗೆಯ ಮಾತೇ ಎತ್ತದೆ
ಇಪ್ಪತ್ತು ರೂಪಾಯಿ ಕಡಿಮೆಗೆ ಕೊಡುತ್ತಾನೆ.
ಅವರಿಗೆ ಚೀಟಿ ಸಿಗಲಿಲ್ಲ, ನಮಗೆ ಆರ್ಡರು.
ಹೊಲಿಗೆಯಂತ್ರಕ್ಕೆ ಹೊದಿಸಿದ ಬಟ್ಟೆಯ ಮೇಲೆ ಬೆಕ್ಕು ಮಲಗಿತು.
ಆ ತಿಂಗಳ ಹೊಗೆಯ ಕಾಲಮ್ಮಿನಲ್ಲಿ ಸೊನ್ನೆ ಬರೆದೆ.
ಅಷ್ಟು ಶುದ್ಧವಾದ ಸೊನ್ನೆಯಿಂದ
ಯಾರ ಮನೆಯ ಒಲೆಯೂ ಹೊತ್ತಲಿಲ್ಲ.

ಕೆಲಸವಿಲ್ಲದೆ ಹಳೆಯ ಪುಟ ತಿರುವುವಾಗ ಕಂಡದ್ದು ಚಿಕ್ಕದು:
ವಾರಕ್ಕೆರಡು ಸಲ ನಮ್ಮ ಗಾಡಿ ತುಂಬಿ ಹೋಗುತ್ತಿತ್ತು, ಖಾಲಿ ಬರುತ್ತಿತ್ತು.
ಉಳಿದ ಮಾಲಿಗೆಂದು ಅವರ ಗಾಡಿ ಖಾಲಿ ಬರುತ್ತಿತ್ತು, ತುಂಬಿ ಹೋಗುತ್ತಿತ್ತು.
ಓಬಳಾಪುರದ ತಿರುವಿನಲ್ಲಿ ಎರಡೂ ಹಾರ್ನ್ ಹೊಡೆದು ದಾಟುತ್ತಿದ್ದವು,
ಒಂದರ ಹೊಟ್ಟೆಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಗಾಳಿ.
ಆ ಗಾಳಿಗೆ ಡೀಸೆಲ್ ಕುಡಿಸಿ ಇಬ್ಬರೂ ಹೊತ್ತು ತಂದಿದ್ದರು,
ಯಾರ ಖಾತೆಯಲ್ಲೂ ಬರೆಯದೆ.

ಅದೊಂದು ಸಾಲು ಕೆಂಪು ಶಾಯಿಯಲ್ಲಿ ಬರೆದು ಇಬ್ಬರಿಗೂ ಕಳಿಸಿದೆ.

ಶ್ರಾವಣದ ಮೊದಲ ಸೋಮವಾರ ಗಾದಿಲಿಂಗಪ್ಪ ತಾವೇ ಬಂದರು.
ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಗಿಯುವವರೆಗೆ
ಯಾರೂ ವ್ಯಾಪಾರದ ಮಾತೆತ್ತಲಿಲ್ಲ.
ಆಮೇಲೆ ಒಂದು ಗಾಡಿ ಮಾರುವುದೆಂದಾಯಿತು.
ಹಂಡೆಗೆ ಅರ್ಧ ಅವರು, ಅರ್ಧ ಇವರು.
ನಲವತ್ತರಲ್ಲಿ ನಮಗೆ ಇಪ್ಪತ್ತೆರಡು, ಅವರಿಗೆ ಹದಿನೆಂಟು;
ಆ ನಾಲ್ಕು ರೂಪಾಯಿಗೆ ಮತ್ತೊಂದು ಗಂಟೆ ಕನ್ನಡ.
ಒಪ್ಪಂದ ತೆಲುಗಿನಲ್ಲಿ ಬರೆದುಕೊಟ್ಟೆ.

ಈಗ ಚಾವಣಿಯ ಹಂಡೆ ಬಿಸಿಲು ಕುಡಿಯುತ್ತದೆ.
ಶೇಕ್ಷಾವಲಿಗೆ ಮಧ್ಯಾಹ್ನದವರೆಗೆ ಬೆಂಕಿಯಿಲ್ಲ,
ಹುಡುಗಿಯರ ಸಾಲಿನಲ್ಲಿ ದಾರ ಕತ್ತರಿಸುತ್ತ ಕೂರುತ್ತಾನೆ.
ದಪ್ಪ ಬೆರಳು, ಸಣ್ಣ ಕತ್ತರಿ,
ದಿನಕ್ಕೆ ಎಂಬತ್ತು ರೂಪಾಯಿ ಕಡಿಮೆ.
ಈ ಎಂಬತ್ತು ಯಾವ ಕಾಲಮ್ಮಿಗೆ?
ಹಸಿರು ಚೀಟಿಯಲ್ಲಿ ಜಾಗವಿಲ್ಲ.

ಮುಂಚೆ ತೂಗು, ಆಮ್ಯಾಲೆ ತೂಗು, ಕಾಣೆಯಾಗಿದ್ದು ಬರಿ:
ಅವನೇ ಕಲಿಸಿದ ಲೆಕ್ಕ.
ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ.
ಬರುವ ಸೋಮವಾರ ಬಜ್ಜಿ ತರಿಸಿ
ಇಬ್ಬರನ್ನೂ ಮತ್ತೆ ಕೂರಿಸಬೇಕು.