ಒಳ್ಳೆಯ ಅರ್ಧ

ಐದು ತಿರುಪು. ಐದೂ ಬಿಚ್ಚಿದರೆ
ಕರಿ ಮುಚ್ಚಳ ಏಡಿಯ ಬೆನ್ನಿನ ಹಾಗೆ ಕೈಗೆ ಬರುತ್ತದೆ.
ಮೆಲ್ಲಗೆ ಎತ್ತಬೇಕು. ಕೀಲಿಮಣೆಯಿಂದ ಇಳಿದ ಪಟ್ಟಿಗಳು
ನಲವತ್ತು ವರ್ಷಕ್ಕೆ ಹಪ್ಪಳವಾಗಿರುತ್ತವೆ.

ಡಂಡೀ ಊರು, ಚರ್ಚಿನ ಹಿಂದಿನ ಕೋಣೆ, ಶನಿವಾರದ ರಿಪೇರಿ.
ಪಕ್ಕದ ಮೇಜಿನಲ್ಲಿ ಟೋಸ್ಟರು, ಕೊಡೆ, ಕಾಲು ಮುರಿದ ಗೊಂಬೆ.
ಇದನ್ನು ತಂದವನು ಇನ್ನೆಸ್ ಡತೀ,
ಟೇ ನದಿಯ ಸೇತುವೆಗೆ ಬಣ್ಣ ಬಳಿಯುವವನು.
"ಹತ್ತುತ್ತೆ, ಆದರೆ ದೊಡ್ಡ ಆಟ ಯಾವುದೂ ಏರೋದಿಲ್ಲ."
ಎಲ್ಲಿಯ ತನಕ ನೆನಪಿದೆ ಎಂದು ಯಂತ್ರವನ್ನೇ ಕೇಳಿದೆ.
೩೨೭೬೭ ಎಂದಿತು.
೬೫೫೩೫ ಇರಬೇಕಿತ್ತು.

ಒಂದು ಮೂಲೆಗೆ ಯುಎಲ್ಎ, ಅದಕ್ಕೆ ಸದಾ ಜ್ವರ.
ಝಡ್-ಎಂಬತ್ತಕ್ಕೆ ನಲವತ್ತು ಕಾಲು, ಓಡುವುದು ಮಾತ್ರ ಒಳಗೇ.
ರೆಸಿಸ್ಟರುಗಳ ಬಳೆ: ಕಂದು, ಕಪ್ಪು, ಕೆಂಪು,
ಸಾವಿರ ಓಮ್. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.
ನೆನಪಿನ ಚಿಪ್‌ಗಳು ಮಾತ್ರ ಹುಟ್ಟಾ ಮರೆಗುಳಿಗಳು.
ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಸಲ
ಮಗ್ಗಿ ಒಪ್ಪಿಸಿಕೊಳ್ಳುತ್ತಲೇ ಇರಬೇಕು ಅವುಗಳಿಂದ,
ಬಿಟ್ಟರೆ ಹೋಯಿತು.

ಮೇಲಿನ ಸಾಲಿನ ಎಂಟರ ಗುಟ್ಟು
ಆಗ ಕೊಂಡವರಿಗೆ ಯಾರೂ ಹೇಳಲಿಲ್ಲ.
ಅವು ಹುಟ್ಟುವಾಗಲೇ ಅರ್ಧ ಕೆಟ್ಟವು,
ಅದಕ್ಕೇ ಅಗ್ಗ.
ಎಡ ಕೆಟ್ಟವು ಒಂದು ಡಬ್ಬಿ, ಬಲ ಕೆಟ್ಟವು ಇನ್ನೊಂದು,
ಬೆರೆಸುವಂತಿಲ್ಲ.
ಯಾವ ಅರ್ಧವನ್ನು ನಂಬಬೇಕೆಂದು ಹಲಗೆಗೆ ಹೇಳುವುದು
ಉಗುರುದ್ದದ ಒಂದು ತಂತಿ.
ಆ ತಂತಿ ಬೆಸೆಯುವುದು ನಮ್ಮ ಬೆಂಚಿನ ಕೆಲಸ.

ನನಗೂ ಎಡ ಕಿವಿ ಇಲ್ಲ, ದಡಾರದಲ್ಲಿ ಹೋದದ್ದು.
ಅಮ್ಮನ ಎರಡನ್ನೂ ಸೆಣಬಿನ ಗಿರಣಿಯ ಮಗ್ಗಗಳು ತಿಂದಿದ್ದವು;
ತುಟಿ ನೋಡಿ ಕೇಳುತ್ತಿದ್ದಳು, ಕತ್ತಲಲ್ಲಿ ಜಗಳವಾಡುತ್ತಿರಲಿಲ್ಲ.
ಎಫಿ ಗೌರ್ಲೇ ಕೆಲಸಕ್ಕೆ ಬಂದ ದಿನವೇ
ಹೇಗೋ ಅರಿತು, ಕೇಳದೆ,
ನನ್ನ ಬಲಕ್ಕೆ ಬಂದು ಕೂತಳು.
ಹನ್ನೊಂದು ವರ್ಷ. ಸೀಸದ ಹೊಗೆ, ಪುದೀನಾ ಮಿಠಾಯಿ,
ಮೇಲ್ವಿಚಾರಕನ ವಿಗ್ಗಿನ ಮೇಲೆ ಅವಳ ಪಿಸುಮಾತು.

ಆಮೇಲೆ ಮುಷ್ಕರದ ಚಳಿಗಾಲ.
ಗೇಟಿನ ಹೊರಗೆ ಡ್ರಮ್ಮಿನಲ್ಲಿ ಬೆಂಕಿ ಕಾಯಿಸುತ್ತ ನಾವು.
ಬೆಳಗಿನ ಬಸ್ಸು ಬಂತು, ಕಿಟಕಿಗಳಿಗೆ ಜಾಲರಿ.
ಮೂರನೆಯ ಕಿಟಕಿಯಲ್ಲಿ ಎಫಿ.
ಗಂಡ ಹಾಸಿಗೆ ಹಿಡಿದಿದ್ದ, ಬಾಡಿಗೆ ಬಾಕಿ; ನನಗೆ ಗೊತ್ತಿತ್ತು.
ಗೊತ್ತಿದ್ದೂ ಒಂದು ಮಾತು ಕೂಗಿದೆ.
ಅವಳು ತಿರುಗಲಿಲ್ಲ.
ಅಂದಿನಿಂದ ನಾನೂ ಮಗ್ಗಿ ಬಿಟ್ಟಿಲ್ಲ.

ಇರಲಿ.
ಬೆರಳಿಟ್ಟು ನೋಡುತ್ತ ಹೋದೆ: ತಣ್ಣಗೆ, ತಣ್ಣಗೆ, ಬೆಚ್ಚಗೆ,
ಆರನೆಯದು ಚುರ್ರೆಂದಿತು.
ಹದಿನಾರು ಕಾಲು ಕತ್ತರಿಸಿ, ಹಳೆಯ ಬೆಸುಗೆ ಹೀರಿ,
ಹೊಸದನ್ನು ಇಳಿಸಿದೆ.
ಈಗ ಪೂರ್ತಿ ಒಳ್ಳೆಯವೇ ಪುಡಿಗಾಸಿಗೆ ಸಿಗುತ್ತವೆ.
ಆದರೆ ಈ ಹಲಗೆ ಕೇಳುವುದು ಅರ್ಧವನ್ನೇ;
ಮಿಕ್ಕ ಅರ್ಧ, ಏನೂ ಕೆಡದೆ,
ಯಾರೂ ಕರೆಯದೆ ಕೂತಿರುತ್ತದೆ.

ಹಲಗೆ ಮಗುಚಿದಾಗ ಬೆಸುಗೆಯ ಬದಿಯಲ್ಲಿ ಶಾಯಿ ಕಂಡಿತು.
ಮೂರು ಹಲ್ಲಿನ ಬಾಚಣಿಗೆಯಂಥ ಇಂಗ್ಲಿಷಿನ ಇ,
ಕೆಳಗಿನ ಹಲ್ಲು ಮಾತ್ರ ಉದ್ದ.
ಭೂತಗನ್ನಡಿ ಒರೆಸಿಕೊಂಡು ಮತ್ತೆ ನೋಡಿದೆ.

ಕಪ್ಪು ತೆರೆ. ಕೆಂಪು ಗೀಟುಗಳು ಓಡಿದವು. ಬಿಳಿ.
೬೫೫೩೫.
ಇನ್ನೆಸ್ ಕೂಗಿದ್ದು ಟೋಸ್ಟರಿನವರಿಗೂ ಕೇಳಿಸಿತು.
ಆಮೇಲೆ ನನ್ನ ಎಡಕ್ಕೆ ಬಾಗಿ ಏನೋ ಕೇಳಿದ;
ಈ ಕಡೆ ಬಾ ಎಂದೆ.
"ಹಲಗೆ ಮೇಲಿನ ಗುರುತು ಯಾರದು?"

"ಇಲ್ಲಿ, ಈಗ ನೀನು ನಿಂತಿದ್ದೀಯಲ್ಲ,
ಅಲ್ಲಿ ಕೂರುತ್ತಿದ್ದವಳದು," ಎಂದೆ.
"ತಂತಿ ಸರಿಯಾಗೇ ಹಾಕಿದ್ದಾಳೆ."