ಎಷ್ಟು ನೀಲಿ

ಸೊಲ್ಲಾಪುರದ ದೊಡ್ಡಾಸ್ಪತ್ರೆ, ತಳಮಹಡಿಯ ಲ್ಯಾಬು,
ರಾತ್ರಿ ಎರಡೂ ಹತ್ತು.
ಬಾಟಲಿಯ ಮೇಲೆ ಮರಾಠಿಯಲ್ಲಿ ಬರೆದ ಹೆಸರು:
ಅಮೋಗಿ ಪೂಜಾರಿ, ಮೂವತ್ನಾಲ್ಕು, ಕರಜಗಿ.
ಕಳೆನಾಶಕ. ಕುಡಿದದ್ದು ಏಳಕ್ಕೆ.
ಏಳರ ಪಕ್ಕ ಒಂದು ಪ್ರಶ್ನೆಚಿಹ್ನೆ.

ಕೊಳವೆಗೆ ಮೂತ್ರ, ಮೇಲೆ ಚಿಟಿಕೆ ಪುಡಿ,
ಅಲ್ಲಾಡಿಸಿ ಬೆಳಕಿಗೆ ಹಿಡಿಯುತ್ತೇನೆ.
ಬಣ್ಣ ಬರದಿದ್ದರೆ ಬದುಕು. ತುಸುವೇ ಬಂದರೆ, ನೋಡೋಣ.
ಮಸಿಯಂತೆ ಬಂದರೆ
ಡಾಕ್ಟರು ಫೋನಿನಲ್ಲಿ ಒಂದು ಕ್ಷಣ ಸುಮ್ಮನಾಗುತ್ತಾರೆ.

ನಮ್ಮವ್ವ ಅಪ್ಪನ ಧೋತರಕ್ಕೆ ನೀಲಿ ಹಾಕುವಾಗ
ಬಕೆಟ್ಟಿಗೆ ನಾಲ್ಕೇ ಹನಿ. ಐದಾದರೆ ಕೆಟ್ಟಿತು ಅನ್ನುವಳು.
ಆ ಕಣ್ಣೇ ನನಗೂ ಬಂದಿರಬೇಕು.
ವಿಷ ಅಳೆಯುವ ಯಂತ್ರ ಪುಣೆಯಲ್ಲಿದೆ,
ಇಲ್ಲಿರುವುದು ನಾನು.
ಬರೆದೆ: ನಡು ನೀಲಿ.
ಬರೆದು, ಮತ್ತೊಮ್ಮೆ ಹಿಡಿದು ನೋಡಿದೆ.

ಮೇಲೆ ಕರೆದರು. ಹೆಂಡತಿ ಇಂಡಿ ಕಡೆಯವಳು, ಮರಾಠಿ ಬಾರದು.
"ತಂಪಿನ ಬಾಟ್ಲಿರಿ, ಟ್ರ್ಯಾಕ್ಟರ್ ಸೀಟಿನ ಬುಡಕ ಇತ್ತು,
ಕಬ್ಬಿಗಿ ಹೊಡದು ಉಳದಿದ್ದು.
ಒಂದ ಗುಟುಕು. ಉಗುಳ್ಯಾನ್ರಿ, ನಾ ನೋಡೀನಿ."
ಎಷ್ಟೊತ್ತಿಗೆ?
"ಎಮ್ಮಿ ಹಿಂಡು ಹೊತ್ತಿಗಿ."
ಅದನ್ನೇ ನಾನು ಏಳು ಮಾಡಿ ಹೇಳಿದೆ.

ದೇಶಮಾನೆ ಡಾಕ್ಟರ ಕಾಗದದಲ್ಲಿ ಅಡ್ಡಕ್ಕೆ ಗಂಟೆ, ಉದ್ದಕ್ಕೆ ವಿಷ,
ನಡುವೆ ಇಳಿಜಾರಿನಂಥ ಗೆರೆಗಳು:
ಹತ್ತರಲ್ಲಿ ಒಂಬತ್ತು ಉಳಿಯುವರು, ಹತ್ತರಲ್ಲಿ ಐದು, ಹತ್ತರಲ್ಲಿ ಒಂದು.
ನನ್ನ ಕಣ್ಣು ನಂಬಿ, ಪೆನ್ಸಿಲಿನಲ್ಲಿ, ಐದರ ಮೇಲೆ ಚುಕ್ಕೆ ಇಟ್ಟರು.
ಮೆಟ್ಟಿಲಿಳಿಯುವಾಗ ನೆನಪಾಯಿತು,
ಏಳಕ್ಕೆ ಹಿಂಡುವುದು ನಮ್ಮೂರಿನಲ್ಲಿ.
ಕರಜಗಿಗೆ ಡೈರಿ ಗಾಡಿ ಆರಕ್ಕೇ ಬರುತ್ತದೆ.
ವಾಪಸು ಹತ್ತಿ ಹೇಳಿದೆ: ಐದೂವರೆ.
ರಬ್ಬರು ಉಜ್ಜಿದರು. ಚುಕ್ಕೆ ಬಲಕ್ಕೆ ಸರಿಯಿತು,
ಒಂದರ ಗೆರೆಯ ಕಡೆಗೆ.
ಗೋಡೆಗೆ ಒರಗಿದ್ದ ಅವಳು ಇದೊಂದನ್ನೂ ನೋಡಲಿಲ್ಲ.

ಮೂರನೆಯ ದಿನ ಅಮೋಗಿ ಎದ್ದು ಕೂತ.
ನಾಲಿಗೆ ಸುಲಿದಿತ್ತು, ಆದರೂ ಮಾತು:
ಬ್ಯಾಟ್ರಿ ಇಳದೀತು, ಗಾಡಿ ಚಾಲೂ ಮಾಡಾಕ ಯಾರಿಗ್ಯಾರ ಹೇಳ್ರಿ.
ಕ್ರಿಯಾಟಿನಿನ್ ಮಾತ್ರ ದಿನಕ್ಕೊಂದು ಮೆಟ್ಟಿಲು ಏರುತ್ತಿತ್ತು.
ಆ ಅಂಕಿ ಹೋಗುತ್ತಿದ್ದುದು ನನ್ನ ಕೈಯಿಂದಲೇ.

"ಬಾಜೂ ಮಂಚದಾವಗ ಗಾಳಿ ಹಚ್ಯಾರ,
ಇವ್ರಿಗ್ಯಾಕ ಹಚ್ಚವಲ್ರು? ರೊಕ್ಕ ಕೊಡಬೇಕೇನ್ರಿ?"
ಈ ವಿಷ ಗಾಳಿಯನ್ನೇ ಉಂಡು ಬೆಳೆಯುತ್ತದೆಂದು
ಯಾವ ಕನ್ನಡದಲ್ಲಿ ಹೇಳುವುದು.
ಒಲಿಗಿ ಊದಿದಂಗ ಆಗ್ತೈತಿ ತಂಗಿ, ಅಂದೆ.
ಅವಳು ಬಾಯಿಗೆ ಸೆರಗು ಒತ್ತಿಕೊಂಡಳು,
ತನ್ನ ಉಸಿರೂ ಅವನಿಗೆ ತಾಗಬಾರದೆಂಬಂತೆ.

ಆರನೆಯ ದಿನ ಕೊಳವೆಯಲ್ಲಿ ನೀಲಿ ಇಲ್ಲ.
ಲ್ಯಾಬಿನ ಬಾಗಿಲಲ್ಲೇ ನಿಂತಿದ್ದಳು:
"ತಿಳಿ ಆಗೇತಲ್ರಿ, ಅಕ್ಕಾರ!"
ವಿಷ ಹೋದದ್ದು ಕೊಳವೆಗೆ ಗೊತ್ತಾಗುತ್ತದೆ.
ಹೋಗುತ್ತ ಏನೇನು ಸುಟ್ಟಿತೋ, ಗೊತ್ತಾಗುವುದಿಲ್ಲ.
ಹೂಂ, ಅಂದೆ.
ಹೌದೆನ್ನುವುದಕ್ಕೂ ಕೇಳಿಸಿತೆನ್ನುವುದಕ್ಕೂ ಅದೊಂದೇ ಇದೆ ನಮ್ಮಲ್ಲಿ.

ಆಸ್ಪತ್ರೆ ಕೊಟ್ಟ ರಜಿಸ್ಟರಿನಲ್ಲಿ ಹೆಸರು, ಹೊತ್ತು, ಬಣ್ಣ, ಅಷ್ಟೇ.
ಮುಂದೇನಾಯಿತು ಎಂಬ ಕಾಲಂ
ಸ್ಕೇಲು ಹಿಡಿದು ನಾನೇ ಎಳೆದುಕೊಂಡದ್ದು.
ಅಮೋಗಿಯ ಸಾಲಿನಲ್ಲಿ ಏಳು ಹೊಡೆದುಹಾಕಿ,
ಮರಾಠಿ ಅಕ್ಷರಗಳ ನಡುವೆ ಕನ್ನಡದಲ್ಲಿ ಬರೆದಿದ್ದೇನೆ,
ಎಮ್ಮಿ ಹಿಂಡು ಹೊತ್ತು.
ಕೊನೆಯ ಮನೆ ಖಾಲಿ ಇದೆ.
ಪಾಳಿ ಮುಗಿಯಲಿ, ಹೋಗಿ ಕೇಳಬೇಕು.
ನಾಲ್ಕನೇ ಮಹಡಿ.
ಲಿಫ್ಟು ಇವತ್ತೂ ಕೆಟ್ಟಿದೆ.